ಕ್ಯಾನ್‌ಕೂನ್, ಟುಲುಮ್, ಕೊಜುಮೆಲ್: ಯಾವ ಏರ್‌ಪೋರ್ಟಿಗೆ ಟಿಕೆಟ್ ತೆಗೆಯಬೇಕು?

ಚಳಿ ಶುರುವಾಯಿತು ಅಂದರೆ ಅಮೆರಿಕದಲ್ಲಿರುವ ನಮ್ಮ ಕನ್ನಡದವರ ಮನೆಗಳಲ್ಲಿ ಒಂದೇ ಮಾತು, ಕ್ಯಾನ್‌ಕೂನ್‌ಗೆ ಹೋಗೋಣ. ಸರಿ, ಹೋಟೆಲ್ ಎಲ್ಲಿ ಅಂತ ಕೇಳಿ ನೋಡಿ. ಎಷ್ಟೋ ಜನರ ಹೋಟೆಲ್ ಕ್ಯಾನ್‌ಕೂನ್‌ನಲ್ಲಿ ಇರುವುದೇ ಇಲ್ಲ. ಅಲ್ಲಿಂದ ಐವತ್ತೋ ತೊಂಬತ್ತೋ ನೂರಿಪ್ಪತ್ತೋ ಕಿಲೋಮೀಟರ್ ದಕ್ಷಿಣಕ್ಕೆ ಇರುತ್ತದೆ. ದೇವನಹಳ್ಳಿಯಲ್ಲಿ ಇಳಿದು ಮೈಸೂರಿನ ಮನೆ ಸೇರುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ವಿಮಾನದಲ್ಲಿ ಕೂತದ್ದಕ್ಕಿಂತ ಆಮೇಲಿನ ರಸ್ತೆಯೇ ಜಾಸ್ತಿ ಸುಸ್ತು ಮಾಡುತ್ತದೆ.

ನಾನೂ ಮೊದಲ ಸಲ ಇದೇ ತಪ್ಪು ಮಾಡಿದ್ದೆ. ರೂಮ್ ಟುಲುಮ್‌ನಲ್ಲಿ, ಬೀಚಿಗೆ ಅಂಟಿಕೊಂಡೇ ಇತ್ತು. ಟಿಕೆಟ್ ಮಾತ್ರ ತಲೆಗೆ ಅರವತ್ತು ಡಾಲರ್ ಕಡಿಮೆ ಅಂತ ರಾತ್ರಿ ಎಂಟೂವರೆಗೆ ಕ್ಯಾನ್‌ಕೂನ್‌ನಲ್ಲಿ ಇಳಿಯುವ ವಿಮಾನದ್ದು. ಇಮಿಗ್ರೇಷನ್ ಸಾಲು, ಲಗೇಜ್, ಮೊದಲೇ ಹೇಳಿಟ್ಟಿದ್ದ ವ್ಯಾನಿನ ಹುಡುಕಾಟ ಎಲ್ಲ ಮುಗಿದು ಗಾಡಿ ಹತ್ತುವಾಗ ಹತ್ತೂವರೆ. ಮಗಳಿಗೆ ಆಗ ಮೂರು ವರ್ಷ. ಅರ್ಧ ದಾರಿ ಅತ್ತಳು, ಇನ್ನರ್ಧ ದಾರಿ ನನ್ನ ಅಂಗಿಯ ಮೇಲೆ ವಾಂತಿ ಮಾಡಿಕೊಂಡು ಮಲಗಿದಳು. ಹೋಟೆಲ್ ಮುಟ್ಟಿದಾಗ ಒಂದು ಗಂಟೆ, ಅಡುಗೆಮನೆಗೆ ಬೀಗ. ಉಳಿಸಿದ್ದ ದುಡ್ಡೆಲ್ಲ ವ್ಯಾನಿನವನಿಗೆ ಹೋಗಿತ್ತು. ಆಗ ಟುಲುಮ್‌ಗೆ ಏರ್‌ಪೋರ್ಟ್ ಇರಲಿಲ್ಲ, ನಿಜ. ಆದರೆ ಬೆಳಗಿನ ವಿಮಾನ ಇತ್ತಲ್ವಾ, ಅದನ್ನು ನೋಡಲಿಲ್ಲ.

ಹಾಗಾಗಿ ನನ್ನ ಲೆಕ್ಕ ಈಗ ಉಲ್ಟಾ. ಮೊದಲು ಹೋಟೆಲ್ ಮ್ಯಾಪಿನಲ್ಲಿ ಎಲ್ಲಿದೆ ನೋಡುವುದು, ಆಮೇಲೆ ಏರ್‌ಪೋರ್ಟ್, ಕೊನೆಗೆ ಟಿಕೆಟ್ ದರ. ಹೋಟೆಲ್ ಹೆಸರಲ್ಲಿ "ರಿವಿಯೆರಾ ಮಾಯಾ" ಅಂತ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಅದು ಊರಿನ ಹೆಸರಲ್ಲ, ಉದ್ದಕ್ಕೆ ಚಾಚಿಕೊಂಡ ಕರಾವಳಿಗೆ ಪ್ರವಾಸ ಮಾರುವವರು ಇಟ್ಟ ಹೆಸರು. ಪ್ಯುಯೆರ್ಟೊ ಮೊರೆಲೋಸ್ ಹತ್ತಿರದ ಹೋಟೆಲೂ ರಿವಿಯೆರಾ ಮಾಯಾ, ಟುಲುಮ್ ಹತ್ತಿರದ್ದೂ ರಿವಿಯೆರಾ ಮಾಯಾ.

ಮ್ಯಾಪನ್ನು ಹೀಗೆ ನೆನಪಿಟ್ಟುಕೊಳ್ಳಿ. ಮೆಕ್ಸಿಕೊದ ಕಿಂತಾನಾ ರೋ ರಾಜ್ಯ, ಪೂರ್ವಕ್ಕೆ ಕೆರಿಬಿಯನ್ ಸಮುದ್ರ. ಮೇಲಿನಿಂದ ಕೆಳಕ್ಕೆ 307ನೇ ನಂಬರಿನ ಹೆದ್ದಾರಿ. ತುದಿಯಲ್ಲಿ ಕ್ಯಾನ್‌ಕೂನ್ ಊರು, ಅದರ ಕೆಳಗೆ ಏರ್‌ಪೋರ್ಟ್. ಅಲ್ಲಿಂದ ಪ್ಯುಯೆರ್ಟೊ ಮೊರೆಲೋಸ್ ಇಪ್ಪತ್ತು ನಿಮಿಷ, ಪ್ಲಾಯಾ ದೆಲ್ ಕಾರ್ಮೆನ್ ಸುಮಾರು 55 ಕಿಲೋಮೀಟರ್, ಅಕುಮಾಲ್ 90ರ ಆಸುಪಾಸು, ಟುಲುಮ್ ಹತ್ತಿರ ಹತ್ತಿರ 120. ಪ್ಲಾಯಾ ಎದುರಿಗೆ ಸಮುದ್ರದ ಆಚೆ ಕೊಜುಮೆಲ್ ದ್ವೀಪ. ಟುಲುಮ್‌ನ ಹೊಸ ಏರ್‌ಪೋರ್ಟ್ ಇರುವುದು ಊರಿಗಿಂತ ಇನ್ನೂ ಕೆಳಗೆ, ಕಾಡಿನ ನಡುವೆ. ಇಷ್ಟು ತಲೆಯಲ್ಲಿದ್ದರೆ ಸಾಕು.

ಕ್ಯಾನ್‌ಕೂನ್ (ಏರ್‌ಪೋರ್ಟ್ ಕೋಡ್ ಸಿಯುಎನ್)

ಜಾಸ್ತಿ ಜನರಿಗೆ ಇದೇ ಸರಿ. ಕಾರಣ ಸುಲಭ: ವಿಮಾನ ಜಾಸ್ತಿ. ವರ್ಷಕ್ಕೆ ಮೂರು ಕೋಟಿ ಜನ ಓಡಾಡುವ ಜಾಗ ಇದು. ಅಮೆರಿಕದ ಹೆಚ್ಚಿನ ದೊಡ್ಡ ಊರುಗಳಿಂದ ನೇರ ವಿಮಾನ ಸಿಗುತ್ತದೆ. ಒಂದು ರದ್ದಾದರೆ ಅದೇ ದಿನ ಇನ್ನೊಂದು ಸಿಗುವ ಸಾಧ್ಯತೆ ಇರುತ್ತದೆ. ಬೆಂಗಳೂರಿನಿಂದ ಬರುವವರಿಗೂ ಇದೇ ಗತಿ, ಇಸ್ತಾಂಬುಲ್, ಪ್ಯಾರಿಸ್, ಫ್ರಾಂಕ್‌ಫರ್ಟ್ ದಾರಿಯಲ್ಲಿ ಬಂದರೆ ಇಳಿಯುವುದು ಇಲ್ಲೇ. 1970ರ ಸುಮಾರಿಗೆ ಇಲ್ಲಿ ತೆಂಗಿನ ತೋಟ ಬಿಟ್ಟರೆ ಹೆಚ್ಚೇನೂ ಇರಲಿಲ್ಲ ಅಂದರೆ ನಂಬುವುದು ಕಷ್ಟ. ಸರ್ಕಾರವೇ ಕೂತು, ಇಲ್ಲಿ ಒಂದು ಪ್ರವಾಸಿ ಊರು ಕಟ್ಟೋಣ ಅಂತ ನಕ್ಷೆ ಹಾಕಿ ಕಟ್ಟಿದ್ದು.

ಇಲ್ಲಿನ ಕಷ್ಟವೂ ಆ ಜನಸಂದಣಿಯೇ. ಟರ್ಮಿನಲ್‌ಗಳು ಹಲವಿವೆ. ನಾಲ್ಕನೆಯದು 2017ರಲ್ಲಿ ಶುರುವಾದದ್ದು, ಜಾಗ ವಿಶಾಲವಾಗಿದೆ. 2 ಮತ್ತು 3ರ ನಡುವೆ ನಡೆದೇ ಹೋಗಬಹುದು, 4ಕ್ಕೆ ಶಟಲ್ ಬಸ್ ಹತ್ತಬೇಕು. ಇದು ಯಾಕೆ ಮುಖ್ಯ ಅಂದರೆ ನಿಮ್ಮನ್ನು ಕರೆದುಕೊಂಡು ಹೋಗಲು ಬರುವ ವ್ಯಾನಿನವನು ನಿಮ್ಮ ಟರ್ಮಿನಲ್ ಹೊರಗೆ ನಿಂತಿರುತ್ತಾನೆ, ನೀವು ಮೂರು ಅಂದುಕೊಂಡು ನಾಲ್ಕರಲ್ಲಿ ಇಳಿದರೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಮುಕ್ಕಾಲು ಗಂಟೆ ಕಳೆಯುತ್ತೀರಿ. ಹೊರಡುವ ದಿನ ಏರ್‌ಲೈನ್ ಆ್ಯಪ್‌ನಲ್ಲಿ ಟರ್ಮಿನಲ್ ನಂಬರ್ ನೋಡಿಕೊಳ್ಳಿ.

ಇಮಿಗ್ರೇಷನ್‌ನಲ್ಲಿ ಕೆಲವು ದೇಶಗಳ ಪಾಸ್‌ಪೋರ್ಟಿಗೆ ತಾನೇ ತೆರೆಯುವ ಗೇಟು ಇದೆ. ನಮ್ಮ ನೀಲಿ ಪಾಸ್‌ಪೋರ್ಟಿಗೆ ಆಫೀಸರ್ ಇರುವ ಸಾಲೇ. ಶನಿವಾರ ಮಧ್ಯಾಹ್ನ, ಅದರಲ್ಲೂ ಕ್ರಿಸ್‌ಮಸ್ ವಾರ ಮತ್ತು ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್ ಹೊತ್ತಿನಲ್ಲಿ ಒಂದು ಗಂಟೆ ನಿಲ್ಲುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಟಿಕೆಟ್ ಜೊತೆಗೇ ವೀಲ್‌ಚೇರ್ ಕೇಳಿಬಿಡಿ. "ನನಗೇನಾಗಿದೆ, ನಡೀತೀನಿ" ಅಂತ ಅಮ್ಮ ಅಂದೇ ಅನ್ನುತ್ತಾರೆ, ಕೇಳಬೇಡಿ.

ಕಸ್ಟಮ್ಸ್ ದಾಟಿದ ಮೇಲೆ ಇನ್ನೊಂದು ಗಂಡಾಂತರ ಇದೆ. ಬಾಗಿಲಿಗೆ ಮುಂಚೆ ಒಂದು ಹಾಲ್, ಅಲ್ಲಿ ಕೊರಳಿಗೆ ಕಾರ್ಡ್ ನೇತುಹಾಕಿಕೊಂಡ, ಇಸ್ತ್ರಿ ಅಂಗಿಯ ಜನ ಸಾಲಾಗಿ ನಿಂತಿರುತ್ತಾರೆ. "ಸರ್, ನಿಮ್ಮ ಟ್ಯಾಕ್ಸಿ ಯಾವುದು? ಬನ್ನಿ, ಹೋಟೆಲ್ ಹೆಸರು ಹೇಳಿ." ನೋಡಿದರೆ ಏರ್‌ಪೋರ್ಟಿನವರೇ ಅನ್ನಿಸುತ್ತದೆ. ಅವರಲ್ಲಿ ಹೆಚ್ಚಿನವರು ಟೈಮ್‌ಶೇರ್, ಅಂದರೆ ರೆಸಾರ್ಟಿನಲ್ಲಿ ವರ್ಷಕ್ಕೆ ಕೆಲವು ದಿನ ಉಳಿಯುವ ಹಕ್ಕು, ಮಾರುವವರು. ಫ್ರೀ ಟೂರ್ ಕೊಡ್ತೀವಿ ಅಂತ ಹೇಳಿ ನಿಮ್ಮ ರಜೆಯ ಒಂದು ಬೆಳಗ್ಗೆಯನ್ನು ಅವರ ರೆಸಾರ್ಟಿನ ಮೀಟಿಂಗ್ ರೂಮಿಗೆ ಬರೆಸಿಕೊಳ್ಳುತ್ತಾರೆ. ಈ ಹಾಲ್‌ಗೆ ಇಂಗ್ಲಿಷಿನವರು ಶಾರ್ಕ್ ತೊಟ್ಟಿ ಅಂತ ಹೆಸರಿಟ್ಟಿದ್ದಾರೆ. ಉಪಾಯ ಒಂದೇ, ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ಆಟೋದವರ ನಡುವೆ ಹೇಗೆ ನಡೆಯುತ್ತೀರೋ ಹಾಗೆ ನಡೆಯಿರಿ. ನಿಜವಾದ ಡ್ರೈವರ್‌ಗಳು ಕಟ್ಟಡದ ಹೊರಗೆ ಬಿಸಿಲಲ್ಲಿ ಬೋರ್ಡ್ ಹಿಡಿದು ನಿಂತಿರುತ್ತಾರೆ.

ಅಲ್ಲಿಂದ ಮುಂದಕ್ಕೆ ಅಗ್ಗದ ದಾರಿ ಅಂದರೆ ಎಡಿಓ ಅನ್ನುವ ಕಂಪನಿಯ ಬಸ್. ಕ್ಯಾನ್‌ಕೂನ್ ಊರೊಳಗೆ, ಪ್ಲಾಯಾಗೆ, ಟುಲುಮ್‌ಗೆ ಏರ್‌ಪೋರ್ಟಿನಿಂದಲೇ ಹೋಗುತ್ತದೆ. ಎಸಿ ಇದೆ, ಸೀಟ್ ಚೆನ್ನಾಗಿದೆ, ಸ್ವೆಟರ್ ಇಟ್ಟುಕೊಳ್ಳಿ. ಆದರೆ ಅದು ನಿಮ್ಮನ್ನು ಇಳಿಸುವುದು ಬಸ್ ಸ್ಟ್ಯಾಂಡಿನಲ್ಲಿ, ರೆಸಾರ್ಟಿನ ಬಾಗಿಲಲ್ಲಿ ಅಲ್ಲ. ಮಕ್ಕಳು, ನಾಲ್ಕು ಸೂಟ್‌ಕೇಸ್ ಇದ್ದರೆ ಮೊದಲೇ ಬುಕ್ ಮಾಡಿದ ಖಾಸಗಿ ವ್ಯಾನ್ ವಾಸಿ. ಊಬರ್ ನಂಬಿಕೊಂಡು ಇಳಿಯಬೇಡಿ. ಅಲ್ಲಿನ ಟ್ಯಾಕ್ಸಿಯವರಿಗೂ ಊಬರ್‌ಗೂ ಹಳೆಯ ಜಗಳ, 2023ರ ಜನವರಿಯಲ್ಲಿ ಟ್ಯಾಕ್ಸಿಯವರು ಹೋಟೆಲ್ ಬೀದಿಯನ್ನೇ ಅಡ್ಡ ಹಾಕಿದ್ದರು. ಜಗಳ ಅವರದು, ಬಿಸಿಲಲ್ಲಿ ನಿಲ್ಲುವವರು ನಾವು. ಮಾಯಾ ರೈಲು ಅಂತ ಹೊಸದಾಗಿ ಬಂದಿದೆ, ಕ್ಯಾನ್‌ಕೂನ್ ಏರ್‌ಪೋರ್ಟ್ ಹೆಸರಿನ ಸ್ಟೇಷನ್ನೂ ಇದೆ, ಆದರೆ ಅದು ಟರ್ಮಿನಲ್ ಪಕ್ಕದಲ್ಲಿಲ್ಲ, ಬಸ್ ಹತ್ತಿ ಹೋಗಬೇಕು. ಪ್ಲಾಯಾ, ಟುಲುಮ್ ಸ್ಟೇಷನ್‌ಗಳೂ ಬೀಚಿನಿಂದ ದೂರ, ಒಳಗಡೆ ಇವೆ. ರೈಲು ನೋಡುವ ಆಸೆಗೆ ಒಂದು ದಿನ ಹತ್ತಿ, ಲಗೇಜ್ ಹೊತ್ತುಕೊಂಡು ಬೇಡ.

ಕ್ಯಾನ್‌ಕೂನ್ ಹೋಟೆಲ್ ಬೀದಿಯಲ್ಲೇ ಉಳಿಯುವವರಿಗೆ ಒಂದು ಕಿವಿಮಾತು. ಅದು 7ರ ಆಕಾರದ ಮರಳಿನ ಪಟ್ಟಿ, ಅಡ್ರೆಸ್ ಎಲ್ಲ ಕಿಲೋಮೀಟರ್ ಲೆಕ್ಕದಲ್ಲಿ ಬರೆಯುತ್ತಾರೆ. ಊರಿನ ಕಡೆ ಸೊನ್ನೆ, ಏರ್‌ಪೋರ್ಟ್ ಕಡೆ ಬಂದ ಹಾಗೆ ಇಪ್ಪತ್ತರ ಮೇಲೆ. ಏರ್‌ಪೋರ್ಟಿಗೆ ಹತ್ತಿರ ಬೇಕು ಅಂದರೆ ದೊಡ್ಡ ನಂಬರ್. ಆದರೆ 7ರ ಮೇಲಿನ ಗೆರೆ ಉತ್ತರಕ್ಕೆ ಮುಖ ಮಾಡಿದೆ, ಅಲ್ಲಿ ನೀರು ಶಾಂತ. ಉದ್ದ ಗೆರೆ ಪೂರ್ವಕ್ಕೆ, ಅಲೆ ಜೋರು. ಈಜು ಬಾರದ ಮಕ್ಕಳಿದ್ದರೆ ಹದಿನೈದು ನಿಮಿಷ ಜಾಸ್ತಿ ಕೂತು ಹೋದರೂ ಚಿಕ್ಕ ನಂಬರಿನ ಹೋಟೆಲೇ ಇರಲಿ. ಒಂಬತ್ತರ ಸುತ್ತಮುತ್ತ ಮಾತ್ರ ಡ್ಯಾನ್ಸ್ ಕ್ಲಬ್‌ಗಳ ಗದ್ದಲ, ರಾತ್ರಿ ನಿದ್ದೆ ಬೇಕಾದವರು ಅಲ್ಲಿಂದ ಸ್ವಲ್ಪ ಆಚೆ ಹುಡುಕಿ.

ಟುಲುಮ್ (ಟಿಕ್ಯುಓ)

ಫೆಲಿಪೆ ಕರ್ರಿಯೊ ಪ್ಯುಯೆರ್ಟೊ ಏರ್‌ಪೋರ್ಟ್ ಅಂತ ಅಧಿಕೃತ ಹೆಸರು. 1924ರಲ್ಲಿ ಗುಂಡಿಗೆ ಬಲಿಯಾದ, ಪಕ್ಕದ ಯುಕಟಾನ್ ರಾಜ್ಯದ ಗವರ್ನರ್ ಅವರು. 2023ರ ಡಿಸೆಂಬರ್ 1ರಂದು ಶುರುವಾಯಿತು, 2024ರ ಮಾರ್ಚ್ ಕೊನೆಗೆ ಅಮೆರಿಕದ ವಿಮಾನಗಳು ಬಂದವು. ಕಟ್ಟಿದ್ದು ಮೆಕ್ಸಿಕೊ ಸೇನೆ, ನಡೆಸುವುದೂ ಸೇನೆಯ ಕೈಯಲ್ಲಿರುವ ಕಂಪನಿ.

ಇಳಿದ ಕೂಡಲೇ ಇಷ್ಟವಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಖಾಲಿ ಖಾಲಿ, ಹೊಸದು. ಎರಡನೇ ಪ್ರವಾಸದಲ್ಲಿ ನಾವು ವಿಮಾನದ ಬಾಗಿಲಿನಿಂದ ರಸ್ತೆಗೆ ಅರ್ಧ ಗಂಟೆಯೊಳಗೆ ಬಂದೆವು, ಮಗಳು ಒಂದು ಸಲವೂ "ಇನ್ನೂ ಎಷ್ಟು ಹೊತ್ತು" ಅನ್ನಲಿಲ್ಲ. ಟುಲುಮ್ ಏರ್‌ಪೋರ್ಟ್ ಅಂದರೆ ಟುಲುಮ್‌ನಲ್ಲೇ ಇದೆ ಅಂದುಕೊಳ್ಳಬೇಡಿ ಮತ್ತೆ. ಪೇಟೆಗೆ ಕಾರಲ್ಲಿ ಮುಕ್ಕಾಲು ಗಂಟೆ, ಬೀಚಿನ ಕಡೆಯ ಹೋಟೆಲಿಗೆ ಇನ್ನಷ್ಟು. ಬೀಚಿನ ಉದ್ದಕ್ಕೂ ಇರುವುದು ಒಂದೇ ಕಿರಿದಾದ ರಸ್ತೆ, ಸಂಜೆ ಹೊತ್ತು ಅಲ್ಲಿ ಗಾಡಿ ಆಮೆ ನಡಿಗೆ.

ತೊಂದರೆ ಏನು ಅಂದರೆ ವಿಮಾನಗಳು ಕಡಿಮೆ. ಶುರುವಿನ ಉತ್ಸಾಹದಲ್ಲಿ ಹಲವು ಕಂಪನಿಗಳು ಬಂದವು, 2025ರಲ್ಲಿ ಕೆಲವು ತಮ್ಮ ಹಾರಾಟ ಕಡಿಮೆ ಮಾಡಿದವು. ಹಾಗಾಗಿ ಆರು ತಿಂಗಳು ಮೊದಲೇ ಟಿಕೆಟ್ ತೆಗೆದರೆ ನಡುವೆ ಒಂದು ದಿನ "ನಿಮ್ಮ ವಿಮಾನದ ಸಮಯ ಬದಲಾಗಿದೆ" ಅನ್ನುವ ಮೇಲ್ ಬರಬಹುದು, ಅದನ್ನು ಓದದೆ ಬಿಡಬೇಡಿ. ರದ್ದಾದರೆ ಆ ದಿನಕ್ಕೆ ಇನ್ನೊಂದು ಸಿಗುವುದು ಕಷ್ಟ, ಕ್ಯಾನ್‌ಕೂನ್‌ಗೇ ಹೋಗಬೇಕು. ಟ್ಯಾಕ್ಸಿಯೂ ದುಬಾರಿ, ಟುಲುಮ್‌ನಲ್ಲಿ ಟ್ಯಾಕ್ಸಿ ದರ ಕೇಳಿದರೆ ತಲೆ ಸುತ್ತುತ್ತದೆ. ಇಲ್ಲೂ ಎಡಿಓ ಬಸ್ ಇದೆ, ಆದರೆ ಕ್ಯಾನ್‌ಕೂನ್‌ನಷ್ಟು ಇಲ್ಲ.

ನನ್ನ ಪ್ರಕಾರ ಗಡಿ ಅಕುಮಾಲ್. ಅಲ್ಲಿಗೆ ಎರಡೂ ಕಡೆಯಿಂದ ಹೆಚ್ಚು ಕಡಿಮೆ ಒಂದೇ ಹೊತ್ತು. ಹೋಟೆಲ್ ಅಕುಮಾಲ್‌ಗಿಂತ ಕೆಳಗಿದ್ದು, ನಿಮ್ಮ ಊರಿನಿಂದ ನೇರ ವಿಮಾನವೂ ಇದ್ದರೆ ಟುಲುಮ್ ತೆಗೆದುಕೊಳ್ಳಿ. ಅಕುಮಾಲ್‌ಗಿಂತ ಮೇಲಿದ್ದರೆ, ಟಿಕೆಟ್ ನೂರು ಡಾಲರ್ ಅಗ್ಗ ಸಿಕ್ಕಿದರೂ ಬೇಡ. ಟುಲುಮ್‌ಗೆ ಹೋಗಲು ನಡುವೆ ಒಂದು ಕಡೆ ವಿಮಾನ ಬದಲಿಸಬೇಕು ಅಂತಾದರೆ ಅದರ ಬದಲು ಕ್ಯಾನ್‌ಕೂನ್‌ಗೆ ನೇರ ಹೋಗಿ ಕಾರಲ್ಲಿ ಬರುವುದೇ ಒಳ್ಳೆಯದು. ಇನ್ನೂ ದಕ್ಷಿಣಕ್ಕಿರುವ ಬಕಲಾರ್ ಸರೋವರದ ಕಡೆ ಹೋಗುವವರು ಯೋಚನೆ ಮಾಡುವುದೇ ಬೇಡ, ಟುಲುಮ್.

ಕೊಜುಮೆಲ್ (ಸಿಜೆಡ್ಎಮ್)

ಇದರ ಬಗ್ಗೆ ನಮ್ಮವರು ಕೇಳುವುದೇ ಕಡಿಮೆ, ನನಗೆ ಮಾತ್ರ ಮೂರರಲ್ಲಿ ಇದೇ ಮೆಚ್ಚು. ಚಿಕ್ಕ ಏರ್‌ಪೋರ್ಟ್, ಸಾನ್ ಮಿಗೆಲ್ ಪೇಟೆಗೆ ಹತ್ತು ನಿಮಿಷ. ಹಂಚಿಕೊಂಡು ಹೋಗುವ ವ್ಯಾನ್ ಏರ್‌ಪೋರ್ಟಿನಲ್ಲೇ ಸಿಗುತ್ತದೆ. ದ್ವೀಪದ ಪಶ್ಚಿಮಕ್ಕೆ ಹವಳದ ದಿಬ್ಬಗಳು, ಜಗತ್ತಿನಲ್ಲಿ ಎರಡನೇ ಅತಿ ದೊಡ್ಡದು ಅನ್ನುವ ಹವಳದ ಸಾಲಿನ ಭಾಗ ಅವು. ಸ್ಕೂಬಾ ಮಾಡುವವರು ಜಗತ್ತಿನ ಎಲ್ಲ ಕಡೆಯಿಂದ ಬರುತ್ತಾರೆ. ಸ್ಕೂಬಾ ಬಾರದಿದ್ದರೂ ಪರವಾಗಿಲ್ಲ, ಮುಖಕ್ಕೆ ಕನ್ನಡಕ ಹಾಕಿಕೊಂಡು ನೀರಿನ ಮೇಲೆ ತೇಲಿದರೂ ಮೀನುಗಳು ಕಾಣುತ್ತವೆ. ಸ್ಕೂಬಾ ಮಾಡುವವರು ಒಂದು ನೆನಪಿಡಿ, ಕೊನೆಯ ಮುಳುಗಿಗೂ ವಿಮಾನಕ್ಕೂ ನಡುವೆ 18ರಿಂದ 24 ಗಂಟೆ ಬಿಡಬೇಕು, ಹಾಗಾಗಿ ವಾಪಸ್ ಟಿಕೆಟ್ ಬೆಳಗ್ಗೆಯದ್ದಾದರೆ ಹಿಂದಿನ ದಿನ ಸುಮ್ನೆ ಪೇಟೆ ಸುತ್ತಿ.

ಅಮೆರಿಕದ ಕೆಲವು ಊರುಗಳಿಂದ, ಡಲ್ಲಾಸ್, ಹ್ಯೂಸ್ಟನ್ ಅಂಥ ಕಡೆಯಿಂದ, ನೇರ ವಿಮಾನ ಇದೆ. ಕೆಲವು ಕಡೆಯಿಂದ ಶನಿವಾರ ಮಾತ್ರ. ನಿಮ್ಮ ರಜೆ ಆ ದಿನಕ್ಕೆ ಹೊಂದಿದರೆ ಅದೃಷ್ಟ. ಹೊಂದದಿದ್ದರೆ ಕ್ಯಾನ್‌ಕೂನ್‌ನಲ್ಲಿ ಇಳಿದು, ಪ್ಲಾಯಾಗೆ ಬಸ್, ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಫೆರ್ರಿ, ಮುಕ್ಕಾಲು ಗಂಟೆ ಸಮುದ್ರ, ಆಮೇಲೆ ಟ್ಯಾಕ್ಸಿ. ಎಲ್ಲ ಸೇರಿ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಇಬ್ಬರೇ ಇದ್ದು, ಬೆನ್ನಿಗೆ ಒಂದು ಚೀಲ ಇದ್ದರೆ ಅದೂ ಒಂದು ಮಜಾನೇ. ಚಳಿಗಾಲದಲ್ಲಿ ಉತ್ತರದ ಗಾಳಿ ಜೋರಾಗಿ ಬೀಸಿದರೆ ಫೆರ್ರಿ ಕುಣಿಯುತ್ತದೆ, ಹೊಟ್ಟೆ ತೊಳಸುವವರು ಮಾತ್ರೆ ನುಂಗಿ ಹತ್ತಿ. ಮಾಯಾ ಅನ್ನುವ ಹಳೆಯ ಜನಾಂಗದವರ ಗುಡಿಗಳು, ಸೆನೋಟೆ ಅನ್ನುವ ಸುಣ್ಣದಕಲ್ಲಿನ ಬಾವಿಗಳು ಇವನ್ನೆಲ್ಲ ದಿನಾ ಸುತ್ತುವ ಪ್ಲಾನ್ ಇದ್ದರೆ ಕೊಜುಮೆಲ್ ಬೇಡ, ಪ್ರತಿ ಸಲ ಸಮುದ್ರ ದಾಟಬೇಕಾಗುತ್ತದೆ.

ಮೆರಿದಾ ಅಂತ ಇನ್ನೊಂದು ಏರ್‌ಪೋರ್ಟ್ ಪಶ್ಚಿಮದಲ್ಲಿದೆ. ಬೀಚಿಗಾಗಿ ಅಲ್ಲಿ ಇಳಿಯಬೇಡಿ, ಕ್ಯಾನ್‌ಕೂನ್‌ಗೆ 300 ಕಿಲೋಮೀಟರ್. ಮಾಯಾ ಜನರ ಹಾಳೂರು ಚಿಚೆನ್ ಇಟ್ಸಾ ಮುಖ್ಯ, ಬೀಚ್ ಆಮೇಲೆ ಅನ್ನುವವರಿಗೆ ಚೆನ್ನಾಗಿದೆ, ಅಲ್ಲಿಂದ ಚಿಚೆನ್ ಇಟ್ಸಾ 120 ಕಿಲೋಮೀಟರ್, ಕ್ಯಾನ್‌ಕೂನ್‌ನಿಂದ 200.

ಯಾವುದರಲ್ಲಿ ಇಳಿದರೂ

ವೀಸಾ ಮಾತು ಮೊದಲು. ಭಾರತದ ಪಾಸ್‌ಪೋರ್ಟಿನಲ್ಲಿ ಅವಧಿ ಮುಗಿಯದ ಅಮೆರಿಕ ವೀಸಾ ಇದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೊಗೆ ಬೇರೆ ಪ್ರವಾಸಿ ವೀಸಾ ಬೇಡ. ಆದರೆ ಎಚ್‌1ಬಿ ಕೆಲಸದ ವೀಸಾ ಮೇಲಿರುವ ಎಷ್ಟೋ ಜನರ ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಮುಗಿದು ಹೋಗಿರುತ್ತದೆ, ಕೈಯಲ್ಲಿ ಐ-797 ಅನ್ನುವ ಹೊಸ ಅನುಮತಿ ಕಾಗದ ಮಾತ್ರ ಇರುತ್ತದೆ. ಆ ಕಾಗದ ಅಮೆರಿಕದಲ್ಲಿ ಕೆಲಸ ಮಾಡಲು ಸಾಕು, ಮೆಕ್ಸಿಕೊ ಒಳಗೆ ಹೋಗಲು ಸಾಲದು. ನನ್ನ ಗೆಳೆಯನೊಬ್ಬ ಹೆಂಡತಿ ಮಕ್ಕಳ ಜೊತೆ ಚೆಕ್‌-ಇನ್ ಕೌಂಟರ್ ತನಕ ಹೋಗಿ, ಒಬ್ಬನೇ ಮನೆಗೆ ವಾಪಸ್ ಬಂದ. ಅವರು ಮೂರೂ ಜನ ನಾಲ್ಕು ದಿನ ಸಮುದ್ರ ನೋಡಿ ಬಂದರು. ಟಿಕೆಟ್ ತೆಗೆಯುವ ಮೊದಲು ಪಾಸ್‌ಪೋರ್ಟ್ ತೆರೆದು ದಿನಾಂಕ ನೋಡಿ, ಮೆಕ್ಸಿಕೊ ಕಾನ್ಸುಲೇಟಿನ ಪುಟವನ್ನೂ ಒಮ್ಮೆ ನೋಡಿ.

ಆಫೀಸ್ ಲ್ಯಾಪ್‌ಟಾಪ್ ಒಂದು, ಸ್ವಂತದ್ದು ಒಂದು ಒಬ್ಬರ ಬ್ಯಾಗಿನಲ್ಲೇ ತುಂಬಬೇಡಿ, ಕಸ್ಟಮ್ಸ್‌ನಲ್ಲಿ ಎರಡನೆಯದಕ್ಕೆ ಸುಂಕ ಕೇಳಿದ್ದುಂಟು. ಹಂಚಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಆಫೀಸಿನದ್ದು ಮನೆಯಲ್ಲೇ ಬಿಟ್ಟು ಬನ್ನಿ. ಕಟ್ಟಿಕೊಂಡ ಚಿತ್ರಾನ್ನ, ಹೆಚ್ಚಿದ ಹಣ್ಣು ವಿಮಾನದಲ್ಲೇ ಖಾಲಿ ಮಾಡಿ. ಲಗೇಜ್ ಬೆಲ್ಟ್ ಹತ್ತಿರ ತಿಂಡಿ ಮೂಸುವ ನಾಯಿಗಳು ಓಡಾಡುತ್ತಿರುತ್ತವೆ.

ಬಾಡಿಗೆ ಕಾರಿನ ದರ ಇಂಟರ್ನೆಟ್ಟಿನಲ್ಲಿ ದಿನಕ್ಕೆ ಹತ್ತು ಡಾಲರ್ ಅಂತ ಕಂಡರೆ ಕುಣಿಯಬೇಡಿ. ಎದುರಿನವರಿಗೆ ಆಗುವ ನಷ್ಟದ ವಿಮೆ ಅಲ್ಲಿ ಕಡ್ಡಾಯ, ಅಮೆರಿಕದ ಕ್ರೆಡಿಟ್ ಕಾರ್ಡ್ ಅದನ್ನು ಭರಿಸುವುದಿಲ್ಲ, ಕೌಂಟರ್‌ನಲ್ಲಿ ಬಿಲ್ ನಾಲ್ಕೈದು ಪಟ್ಟು ಆಗುತ್ತದೆ. ವಿಮೆ ಸೇರಿಸಿದ ಒಟ್ಟು ದರ ಮೊದಲೇ ಬರೆದು ಕೊಡಲು ಕೇಳಿ. 307ನೇ ರಸ್ತೆ ಚೆನ್ನಾಗಿಯೇ ಇದೆ, ಆದರೆ ಊರು ಬಂದಾಗ ತೋಪೆ ಅನ್ನುವ ಹಂಪ್‌ಗಳು, ಬಣ್ಣ ಬಳಿಯದೆ ಕತ್ತಲಲ್ಲಿ ಕಾಣದ ಹಾಗೆ ಮಲಗಿರುತ್ತವೆ. ಹಂಪ್ ನಮಗೇನು ಹೊಸದಲ್ಲ, ಆದರೆ ಅಮೆರಿಕದಲ್ಲಿ ಹತ್ತು ವರ್ಷ ಓಡಿಸಿದವರಿಗೆ ಅಭ್ಯಾಸ ತಪ್ಪಿರುತ್ತದೆ. ಕತ್ತಲಾಗುವುದರೊಳಗೆ ಹೋಟೆಲ್ ಸೇರುವ ಹಾಗೆ ವಿಮಾನ ಆರಿಸಿ, ಮಧ್ಯಾಹ್ನ ಎರಡರ ಒಳಗೆ ಇಳಿದರೆ ಒಳ್ಳೆಯದು.

ಗಡಿಯಾರದ ವಿಷಯ ಇನ್ನೊಂದು. ಈ ರಾಜ್ಯದಲ್ಲಿ ವರ್ಷವಿಡೀ ಒಂದೇ ಸಮಯ, ಗಂಟೆ ಹಿಂದೆ ಮುಂದೆ ಮಾಡುವುದಿಲ್ಲ. ಚಳಿಗಾಲದಲ್ಲಿ ನ್ಯೂಯಾರ್ಕಿನ ಸಮಯ, ಬೇಸಿಗೆಯಲ್ಲಿ ಶಿಕಾಗೊ ಸಮಯ. ಮೆಕ್ಸಿಕೊ ಸಿಟಿಗೂ ಇಲ್ಲಿಗೂ ಬೇರೆ.

ಬೇಸಿಗೆಯಲ್ಲಿ ಹೋಗುವವರಿಗೆ ಏರ್‌ಪೋರ್ಟಿಗಿಂತ ದೊಡ್ಡ ಪ್ರಶ್ನೆ ಸರ್ಗಾಸಮ್ ಪಾಚಿ. ಏಪ್ರಿಲ್‌ನಿಂದ ಆಗಸ್ಟ್ ತನಕ ಕಂದು ಬಣ್ಣದ ಕಡಲಕಳೆ ರಾಶಿ ರಾಶಿ ದಡಕ್ಕೆ ಬರುತ್ತದೆ, ಕೊಳೆತರೆ ಮೊಟ್ಟೆ ವಾಸನೆ. ಟುಲುಮ್, ಪ್ಲಾಯಾಗಳಿಗೆ ಜಾಸ್ತಿ ಹೊಡೆತ. ಕೊಜುಮೆಲ್‌ನ ಪಶ್ಚಿಮ ದಡಕ್ಕೆ, ಕ್ಯಾನ್‌ಕೂನ್ ಎದುರಿನ ಇಸ್ಲಾ ಮುಹೆರೆಸ್ ದ್ವೀಪಕ್ಕೆ ಕಡಿಮೆ. ಜುಲೈಯಲ್ಲಿ ಟುಲುಮ್ ಟಿಕೆಟ್ ಯಾಕೆ ಅಗ್ಗ ಅಂತ ಈಗ ಗೊತ್ತಾಯಿತಲ್ವಾ. ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಕಾಲವೂ ಹೌದು. 2005ರ ಅಕ್ಟೋಬರ್‌ನಲ್ಲಿ ವಿಲ್ಮಾ ಕೊಜುಮೆಲ್, ಕ್ಯಾನ್‌ಕೂನ್ ಎರಡನ್ನೂ ಜಜ್ಜಿ ಹಾಕಿತ್ತು. ಆ ತಿಂಗಳುಗಳಲ್ಲಿ ದಿನ ಬದಲಿಸಬಹುದಾದ ಟಿಕೆಟ್ಟೇ ತೆಗೆಯಿರಿ, ವಿಮಾನ ಜಾಸ್ತಿ ಇರುವ ಕ್ಯಾನ್‌ಕೂನ್‌ಗೇ ತೆಗೆಯಿರಿ.

ವಾಪಸ್ ಬರುವಾಗ ಅದೇ ಏರ್‌ಪೋರ್ಟ್ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಹೋದ ಸಲ ನಾವು ಟುಲುಮ್‌ನಲ್ಲಿ ಇಳಿದು, ಮೂರು ದಿನ ಅಲ್ಲಿ, ಎರಡು ದಿನ ಪ್ಲಾಯಾದಲ್ಲಿ ಇದ್ದು, ಕ್ಯಾನ್‌ಕೂನ್‌ನಿಂದ ಹಾರಿದೆವು. ಒಂದೇ ದಾರಿಯಲ್ಲಿ ಎರಡು ಸಲ ಓಡಾಡುವುದು ತಪ್ಪಿತು. ಹೀಗೆ ಮಾಡುವುದಾದರೆ ಬಾಡಿಗೆ ಕಾರನ್ನು ಬೇರೆ ಊರಲ್ಲಿ ಬಿಡಲು ಎಷ್ಟು ಅಂತ ಮೊದಲೇ ಕೇಳಿ, ಜಾಸ್ತಿ ಅಂದರೆ ಬಸ್ಸಿದೆ. ಕ್ಯಾನ್‌ಕೂನ್‌ನಿಂದ ಹೊರಡುವ ದಿನ ಮೂರು ಗಂಟೆ ಮೊದಲೇ ಹೋಗಿ, ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಒಳಗೆ ಒಂದು ಸ್ಯಾಂಡ್‌ವಿಚ್‌ಗೆ ಕೇಳುವ ದುಡ್ಡಲ್ಲಿ ಪ್ಲಾಯಾದ ಬೀದಿಯಲ್ಲಿ ನಾವು ಮೂರೂ ಜನ ಬೀನ್ಸ್ ತುಂಬಿದ ಟಾಕೊ ತಿಂದು, ಮೇಲೆ ಒಂದೊಂದು ಎಳನೀರು ಕುಡಿದಿದ್ದೆವು.